ಜಾಲಹಳ್ಳಿಯಲ್ಲಿ ಕಲಿತ ಸ್ಕ್ರೇಪಿಂಗ್ ಕೆಲಸ

ನಾನು ಮೊದಲ ಸಲ ಲೋಹ ಹೆರೆಯುವ ಸ್ಕ್ರೇಪರ್ ಹಿಡಿದದ್ದು 1974ರಲ್ಲಿ, ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ಯಂತ್ರ ಕಾರ್ಖಾನೆಯಲ್ಲಿ. ಐಟಿಐ ಮುಗಿಸಿ ಫಿಟ್ಟರ್ ಅಪ್ರೆಂಟಿಸ್ ಆಗಿ ಸೇರಿದ್ದೆ. ಮೇಸ್ತ್ರಿ ನನ್ನ ಕೈಗೆ ಊಟದ ತಟ್ಟೆಯಷ್ಟಗಲದ ಬೀಡಿನ (ಎರಕದ ಕಬ್ಬಿಣದ) ಪ್ಲೇಟೊಂದನ್ನು ಕೊಟ್ಟು, "ಇದನ್ನ ಮಟ್ಟ ಮಾಡಪ್ಪಾ" ಎಂದರು. ಅದು ಆಗಲೇ ಮಷಿನ್ ಆಗಿ ಬಂದಿತ್ತು. ಬೆರಳಾಡಿಸಿದರೆ ನುಣ್ಣಗಿತ್ತು. ಇನ್ನೇನು ಮಟ್ಟ ಮಾಡೋದು ಅನ್ನಿಸಿತು. ಆ ಪ್ಲೇಟು ಮುಗಿಯಲು ಮೂರು ವಾರ ಹಿಡಿಯಿತು.

ಲೋಹದ ತುಂಡನ್ನು ತಿರುಗಿಸಿ ಟೂಲ್‌ನಿಂದ ಕೆತ್ತುವ ಯಂತ್ರ ಲೇತ್. ಅದನ್ನು ನೋಡಿದವರಿಗೆ ಗೊತ್ತು, ಬೆಡ್ಡಿನ ಮೇಲೆ ಸ್ಯಾಡಲ್ ಜಾರುತ್ತದೆ, ಸ್ಯಾಡಲ್ ಮೇಲೆ ಕ್ರಾಸ್ ಸ್ಲೈಡ್ ಜಾರುತ್ತದೆ. ಹೀಗೆ ಒಂದರ ಮೇಲೊಂದು ಕೂರುವ ಮುಖಗಳು ಉದ್ದಕ್ಕೂ ಸರಿಯಾಗಿ ತಾಗಬೇಕು. ಮಷಿನ್‌ನಲ್ಲಿ ಎಷ್ಟೇ ಚೆನ್ನಾಗಿ ಕೆತ್ತಿದರೂ ಅಲ್ಲಲ್ಲಿ ಉಬ್ಬು ಉಳಿದುಬಿಡುತ್ತದೆ. ಕಣ್ಣಿಗೆ ಕಾಣದ ಆ ಉಬ್ಬನ್ನು ಕೈಯಲ್ಲಿ ಹೆರೆದು ತೆಗೆಯುವುದೇ ಸ್ಕ್ರೇಪಿಂಗ್.

ಮಟ್ಟಕ್ಕೆ ಮಾದರಿಯಾದ ಸರ್ಫೇಸ್ ಪ್ಲೇಟಿಗೆ ಬ್ಲೂ, ಅಂದರೆ ನೀಲಿ ಬಣ್ಣ, ಹಚ್ಚುವುದರಿಂದ ಕೆಲಸ ಶುರು. ಬೆರಳ ತುದಿಯಲ್ಲಿ ಕಾಳಿನಷ್ಟು ಬ್ಲೂ ತಗೊಂಡು ಅಂಗೈಯಲ್ಲಿ ಸವರುತ್ತಾ ಹೋಗಬೇಕು, ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ. ಅದರ ಮೇಲೆ ನಮ್ಮ ಕೆಲಸದ ಮುಖವನ್ನು ಕೂರಿಸಿ, ಎರಡು ಮೂರು ಸಲ ಹಿಂದೆ ಮುಂದೆ ಆಡಿಸಿ ಎತ್ತಬೇಕು. ಉಬ್ಬಿದ್ದ ಕಡೆಯೆಲ್ಲ ನೀಲಿ ಹತ್ತಿರುತ್ತದೆ. ಇದಕ್ಕೆ ನಾವು ಪಾಯಿಂಟ್ ಅನ್ನುತ್ತಿದ್ದೆವು. ನೀಲಿ ಇರುವಲ್ಲಿ ಮಾತ್ರ ಹೆರೆಯಬೇಕು, ಒರೆಸಬೇಕು, ಮತ್ತೆ ಬ್ಲೂ. ಮೊದಲು ನಾಲ್ಕೈದು ದೊಡ್ಡ ಕಲೆ ಕಾಣುತ್ತವೆ. ಹೆರೆದಂತೆಲ್ಲ ಅವು ಒಡೆದು ಸಣ್ಣ ಚುಕ್ಕೆಗಳಾಗಿ ಹರಡುತ್ತವೆ. ಒಂದು ಚದರ ಇಂಚಿಗೆ 12ರಿಂದ 15 ಚುಕ್ಕೆ ಸಮನಾಗಿ ಬಿದ್ದರೆ ಮೇಸ್ತ್ರಿ ತಲೆಯಾಡಿಸುತ್ತಿದ್ದರು. ಚುಕ್ಕೆಗಳ ನಡುವಿನ ತಗ್ಗೂ ಬೇಕೇ ಬೇಕು. ಅಲ್ಲಿ ಎಣ್ಣೆ ನಿಲ್ಲುತ್ತದೆ. ಪೂರ್ತಿ ಕನ್ನಡಿಯಂತಿರುವ ಎರಡು ಮುಖ ಕೂರಿಸಿದರೆ ಅವು ಒಂದಕ್ಕೊಂದು ಅಂಟಿಕೊಂಡು, ತಡೆದು ತಡೆದು ಜಾರುತ್ತವೆ.

ಸ್ಕ್ರೇಪರ್ ಅಂಗಡಿಯಿಂದ ಬರುತ್ತಿರಲಿಲ್ಲ. ಹಳೇ ಚಪ್ಪಟೆ ಅರವನ್ನು ಕಾಯಿಸಿ, ತುದಿ ತಟ್ಟಿ, ಗ್ರೈಂಡ್ ಮಾಡಿ, ಎಣ್ಣೆಕಲ್ಲಿನ ಮೇಲೆ ಮಸೆದು ನಾವೇ ಮಾಡಿಕೊಳ್ಳುತ್ತಿದ್ದೆವು. ಅಲಗು ನೇರವಾಗಿರಬಾರದು, ಉಗುರಿನ ತುದಿಯಂತೆ ಸ್ವಲ್ಪ ಬಾಗಿರಬೇಕು. ನೇರ ಇದ್ದರೆ ಎರಡೂ ಮೂಲೆ ಗೀರು ಬೀಳಿಸುತ್ತವೆ. ಮರದ ಹಿಡಿಯನ್ನು ಸೊಂಟದ ಪಕ್ಕ ಒತ್ತಿ ಹಿಡಿದು, ಇಡೀ ಮೈಯಿಂದ ಮುಂದಕ್ಕೆ ನೂಕಬೇಕು. ಬರೀ ತೋಳಿನಿಂದ ನೂಕಿದರೆ ಅರ್ಧ ಗಂಟೆಗೇ ಸುಸ್ತು. ಒಂದು ನೂಕಿಗೆ ಹೋಗುವುದು ಕೆಲವು ಮೈಕ್ರಾನ್ ಅಷ್ಟೇ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್! ಮೊದಲ ತಿಂಗಳು ಸೊಂಟದ ಹತ್ತಿರ ಚರ್ಮ ಕಪ್ಪುಗಟ್ಟಿತ್ತು. ಅಮ್ಮ ರಾತ್ರಿ ಹರಳೆಣ್ಣೆ ಹಚ್ಚುತ್ತಿದ್ದಳು.

ಒಂದು ದಿನ ಊಟಕ್ಕೆ ಮುಂಚೆ ಸ್ಯಾಡಲ್ ಮೇಲೆ ಚೆನ್ನಾಗಿ ಬಿದ್ದಿದ್ದ ಪಾಯಿಂಟ್‌ಗಳು ಮಧ್ಯಾಹ್ನದ ಮೇಲೆ ಎಲ್ಲಾ ಜಾಗ ಬಿಟ್ಟಿದ್ದವು. ನಡುವೆ ಮಾತ್ರ ನೀಲಿ, ಎರಡೂ ತುದಿ ಖಾಲಿ. ನನಗೆ ಅಳುವೇ ಬಂತು. ಹೆರೆಯಲು ಬಗ್ಗಿದೆ. ಮೇಸ್ತ್ರಿ ಕೈ ಹಿಡಿದರು. "ಮುಟ್ಟಬೇಡ. ಕಿಟಕಿ ನೋಡು, ಬಿಸಿಲು ಬಿದ್ದಿದೆ. ಆರಲಿ ಬಿಡು, ಬೆಳಿಗ್ಗೆ ನೋಡೋಣ" ಎಂದರು. ಬೀಡು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ, ಸುಮಾರು 10 ಮೈಕ್ರಾನ್ ಹಿಗ್ಗುತ್ತದೆ. ಒಂದೇ ಪಕ್ಕ ಬಿಸಿಯಾದರೆ ಬಿಲ್ಲಿನಂತೆ ಬಾಗುತ್ತದೆ. ಬೆಳಿಗ್ಗೆ ಬ್ಲೂ ಹಚ್ಚಿ ನೋಡಿದರೆ ಚುಕ್ಕೆಗಳೆಲ್ಲ ತಮ್ಮ ಜಾಗಕ್ಕೆ ವಾಪಸ್ ಬಂದಿದ್ದವು. ಆವತ್ತು ಹೆರೆದಿದ್ದರೆ ಒಳ್ಳೇ ಸ್ಯಾಡಲ್ ಹಾಳಾಗುತ್ತಿತ್ತು. ಅಂದಿನಿಂದ ನೇರ ನೋಡುವ ಪಟ್ಟಿಯಾದ ಸ್ಟ್ರೇಟ್ ಎಡ್ಜನ್ನು ಬರೀ ಕೈಯಲ್ಲಿ ಜಾಸ್ತಿ ಹೊತ್ತು ಹಿಡಿಯುವುದನ್ನೂ ಬಿಟ್ಟೆ. ಮೈಬಿಸಿಗೂ ಅದು ಬಾಗುತ್ತದೆ.

ಲೇತ್ ಜೋಡಣೆ ಮುಗಿದ ಮೇಲೆ ಟೆಸ್ಟ್ ಚಾರ್ಟ್, ಅಂದರೆ ಅಳತೆಗಳ ಪರೀಕ್ಷೆ. ತಿರುಗುವ ಸ್ಪಿಂಡಲ್‌ಗೆ ಮ್ಯಾಂಡ್ರಲ್ ಎಂಬ ನೇರ ಸರಳು ಹಾಕಿ, ಅಳೆಯುವ ಡಯಲ್ ಓಡಿಸಿ ನೋಡುವುದು. ನನಗೆ ಬಲು ಇಷ್ಟವಾದ ವಿಷಯ ಇಲ್ಲಿದೆ. ಮ್ಯಾಂಡ್ರಲ್‌ನ ಹೊರತುದಿ ತುಸು ಮೇಲಕ್ಕೇ ಇರಬೇಕು, ಕೆಳಗಿರಬಾರದು. ಟೂಲ್ ಕಡೆಗೇ ವಾಲಬೇಕು, ಆಚೆಗಲ್ಲ. 300 ಮಿಲಿಮೀಟರಿಗೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು, ಅಷ್ಟೇ. ಯಾಕೆ ಗೊತ್ತಾ? ನಾಳೆ ಭಾರದ ಜಾಬ್ (ಕೆತ್ತಬೇಕಾದ ತುಂಡು) ಕಚ್ಚಿಸಿದಾಗ ಅದು ಕೆಳಕ್ಕೆ ಜಗ್ಗುತ್ತದೆ, ಟೂಲ್ ಅದನ್ನು ಆಚೆಗೆ ನೂಕುತ್ತದೆ. ಆಗ ನೇರ ಆಗಲಿ ಅಂತ ಇವತ್ತೇ ಸ್ವಲ್ಪ ವಾಲಿಸಿಟ್ಟಿರುತ್ತೇವೆ. ಸ್ಪಿಂಡಲ್ ಹೊತ್ತ ಹೆಡ್‌ಸ್ಟಾಕ್ ಕೂರುವ ಜಾಗವನ್ನು ಅದಕ್ಕೆ ತಕ್ಕಂತೆ ಹೆರೆಯುವುದು ಹಿರಿಯರ ಕೆಲಸ. ಅದು ನನ್ನ ಕೈಗೆ ಬರಲು ಆರು ವರ್ಷ ಬೇಕಾಯಿತು.

ಈ ವಿದ್ಯೆ ನಮಗೆ ಸ್ವಿಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ ಬಂದದ್ದು. 1953ರಲ್ಲಿ ಅವರ ಜೊತೆ ಸೇರಿ ಎಚ್‌ಎಂಟಿ ಶುರುವಾಯಿತು. ಮೊದಲು ಮಾಡಿದ್ದು ಎಚ್-22 ಲೇತ್. ಜನಕ್ಕೆ ಎಚ್‌ಎಂಟಿ ಅಂದರೆ ಕೈಗಡಿಯಾರ. ಗಡಿಯಾರ ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಜೊತೆ. ಅದಕ್ಕೆ ಮುಂಚೆ, ಅದರ ಆಚೆಗೂ, ನಾವು ಮಾಡುತ್ತಿದ್ದದ್ದು ಬೇರೆ ಕಾರ್ಖಾನೆಗಳನ್ನು ನಡೆಸುವ ಯಂತ್ರಗಳನ್ನು. ಈ ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಹಳೇ ಬೆಂಗಳೂರಿನ ಯಾವ ವರ್ಕ್‌ಶಾಪಿಗೆ ಹೋಗಿ, ಮೂಲೆಯಲ್ಲಿ ನಮ್ಮ ಒಂದು ಎನ್‌ಎಚ್-22 ಅಥವಾ ಎಲ್‌ಬಿ-17 ಲೇತ್ ನಿಂತಿರುತ್ತಿತ್ತು. ಇಲ್ಲದಿದ್ದರೆ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್.

ಆಮೇಲೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಂತು. 1991ರ ನಂತರ ಹೊರದೇಶದ ಯಂತ್ರ ತರಿಸುವುದು ಸುಲಭವಾಯಿತು. ಎಷ್ಟೋ ಯಂತ್ರಗಳಲ್ಲಿ ಹೆರೆದು ಕೂರಿಸುವ ಸ್ಲೈಡಿನ ಬದಲು ಬಾಲ್‌ಗಳ ಮೇಲೆ ಓಡುವ ಲೀನಿಯರ್ ಗೈಡ್ ಬಂದವು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ವಿದ್ಯುತ್ ಉಪಕರಣ ಕಾರ್ಖಾನೆ 2002ರಲ್ಲಿ ಮುಚ್ಚಿತು. 2011ರಲ್ಲಿ ಊರಿನ ಮೊದಲ ಮೆಟ್ರೋ ಓಡಿದ್ದು ಎಂ.ಜಿ. ರಸ್ತೆಯಿಂದ ಅದೇ ಬೈಯಪ್ಪನಹಳ್ಳಿಗೆ. ಎಚ್‌ಎಂಟಿ ಗಡಿಯಾರ ನಿಲ್ಲಿಸುವ ತೀರ್ಮಾನ 2016ರಲ್ಲಿ ಆಯಿತು. ಯಂತ್ರ ಬದಲಾಗುವುದು ಸಹಜ, ಅದಕ್ಕೆ ನನಗೆ ಬೇಜಾರಿಲ್ಲ. ಬೇಜಾರು ಬೇರೆಯದಕ್ಕೆ. ಕೊನೆಕೊನೆಗೆ ನಮ್ಮ ಕೈಕೆಳಗೆ ಹುಡುಗರು ಬರಲಿಲ್ಲ. ನನ್ನ ಮೇಸ್ತ್ರಿ ನನ್ನ ಕೈ ಹಿಡಿದು ತಡೆದಂತೆ ತಡೆಯಲು ನನ್ನ ಮುಂದೆ ಯಾರೂ ಇರಲಿಲ್ಲ. ಈ ಕೆಲಸವನ್ನು ಬರೆದಿಟ್ಟು ಕಲಿಸಲು ಆಗುವುದಿಲ್ಲ.

ನಾನೂ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಬಂದೆ. ಆರು ತಿಂಗಳು ಸುಮ್ನೆ ಮನೆಯಲ್ಲಿದ್ದೆ. ಆಮೇಲೆ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಹಳೇ ಲೇತ್‌ಗಳನ್ನು ರಿಕಂಡೀಷನ್ ಮಾಡಲು ಶುರು ಮಾಡಿದೆ. ಬೆಡ್ಡು ಯಾವಾಗಲೂ ಜಾಬ್ ಕಚ್ಚಿ ಹಿಡಿಯುವ ಚಕ್ಕಿನ ಹತ್ತಿರವೇ ಜಾಸ್ತಿ ಸವೆದಿರುತ್ತದೆ, ಗಿಡ್ಡ ಜಾಬ್‌ಗಳೇ ಹೆಚ್ಚು ಅಲ್ವಾ. ಅದನ್ನು ಗ್ರೈಂಡ್ ಮಾಡಿಸಿದರೆ ಸ್ಯಾಡಲ್ ಕೆಳಕ್ಕೆ ಇಳಿಯುತ್ತದೆ, ಅದನ್ನು ಓಡಿಸುವ ಲೀಡ್ ಸ್ಕ್ರೂ ಜೊತೆ ಹೊಂದುವುದಿಲ್ಲ. ಇಳಿದ ಎತ್ತರಕ್ಕೆ ಸ್ಯಾಡಲ್ ಅಡಿಗೆ ಟರ್ಸೈಟ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದನ್ನು ಬೆಡ್ಡಿಗೆ ಸರಿಯಾಗಿ ಹೆರೆದು ಕೂರಿಸುತ್ತೇನೆ. ಬೀಡಿಗಿಂತ ಅದು ಮೆತ್ತಗೆ. ಕೈ ಹಗುರ ಇರಬೇಕು.

ಹೋದ ವರ್ಷ ಒಂದು ಎನ್‌ಎಚ್-22 ಬಂತು. ಬಣ್ಣ ಹೋಗಿ, ಜಿಡ್ಡು ಹಿಡಿದು, ಗುಜರಿಗೆ ಹೋಗುವ ಹಾಗಿತ್ತು. ಬೋಲ್ಟ್ ಬಿಚ್ಚಿ, ಚೈನ್ ಬ್ಲಾಕ್‌ನಲ್ಲಿ ಹೆಡ್‌ಸ್ಟಾಕ್ ಎತ್ತಿದೆವು. ಅಡಿಯ ಮುಖವನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಹೆಡ್‌ಸ್ಟಾಕ್ ಕೂತಲ್ಲಿಂದ ಕದಲುವುದಿಲ್ಲ, ಸವೆಯುವುದೂ ಇಲ್ಲ. ಅಲ್ಲಿ ಹೆರೆದ ಗುರುತುಗಳು ನಿನ್ನೆ ಬಿದ್ದಂತೆ ಇದ್ದವು. ಒಂದು ಸಾಲು ಎಡಕ್ಕೆ, ಅದರ ಮೇಲೊಂದು ಬಲಕ್ಕೆ, ಚಾಪೆ ಹೆಣೆದ ಹಾಗೆ. ಶೆಡ್ಡಿನ ಹುಡುಗ ಹತ್ತಿರ ಬಂದು, "ಇದೇನು ಸಾರ್, ಡಿಸೈನಾ?" ಎಂದ. ನಾನು ಅವನ ಕೈಗೆ ಬ್ಲೂ ಡಬ್ಬಿ ಕೊಟ್ಟು, ಸರ್ಫೇಸ್ ಪ್ಲೇಟ್ ಒರೆಸಿಕೊಂಡು ಬಾ ಎಂದೆ.