ಅಪ್ಪ ಅಮ್ಮನನ್ನು ಫ್ಲೋಟರಿನಿಂದ ಹೊರಗಿಟ್ಟೆ, ಲೆಕ್ಕ ಸರಿಹೋಯಿತು

ವಯಸ್ಸಾದ ತಂದೆತಾಯಿಯನ್ನು ಆರೋಗ್ಯ ವಿಮೆಯಿಂದ ಹೊರಗೆ ಹಾಕಿದ ಮಗ ಎಂದು ನೆಂಟರು ನನ್ನನ್ನು ಸಾಕಷ್ಟು ಆಡಿಕೊಂಡರು. ಕಳೆದ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿಸಿ, ಆಸ್ಪತ್ರೆಯ ಬಿಲ್ಲಿಗೆ ಒಂದು ರೂಪಾಯಿಯನ್ನೂ ಕಟ್ಟದೆ ಮನೆಗೆ ಕರೆತಂದ ಮೇಲೆ ಆ ಮಾತು ನಿಂತಿದೆ. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಸಂಬಳ, ಪಿ.ಎಫ್., ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಲೆಕ್ಕ ಬರೆಯುವುದು ನನ್ನ ಕಸುಬು. ಇದೇ ಕಸುಬಿನವರಿಗಾಗಿ ಬರೆಯುತ್ತಿದ್ದರೂ, ಬೇರೆಯವರಿಗೂ ತಿಳಿಯಲೆಂದು ಅಲ್ಲಲ್ಲಿ ಒಂದು ಮಾತು ಬಿಡಿಸಿ ಹೇಳುತ್ತೇನೆ.

ಮೊದಲು ನಾನು, ಹೆಂಡತಿ, ಮಗಳು, ಅಪ್ಪ, ಅಮ್ಮ ಎಲ್ಲರೂ 5 ಲಕ್ಷದ ಒಂದೇ ಫ್ಲೋಟರಿನಲ್ಲಿ, ಅಂದರೆ ಮನೆಮಂದಿಗೆಲ್ಲ ಸೇರಿ ಒಂದೇ ವಿಮಾ ಮೊತ್ತವಿರುವ ಪಾಲಿಸಿಯಲ್ಲಿದ್ದೆವು. ಫ್ಲೋಟರಿನ ಪ್ರೀಮಿಯಂ ಏರುವುದು ಮನೆಯ ಹಿರಿಯರ ವಯಸ್ಸು ಹಿಡಿದು. ಅಪ್ಪನಿಗೆ 65 ದಾಟಿದ್ದಕ್ಕೆ ನನ್ನ ಆರು ವರ್ಷದ ಮಗಳ ಹೆಸರಿನಲ್ಲೂ ದಂಡ ತೆತ್ತ ಹಾಗೆ. 38 ಸಾವಿರದ ಆಸುಪಾಸಿನಲ್ಲಿದ್ದದ್ದು ನೋಡುನೋಡುತ್ತಲೇ 60 ಸಾವಿರ ದಾಟಿತು. ಅದರ ಮೇಲೆ ಆಗ ಶೇಕಡ 18ರಷ್ಟು ಜಿ.ಎಸ್.ಟಿ. ಬೇರೆ.

ಇಷ್ಟು ಕಟ್ಟಿಯೂ ಅಮ್ಮನ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ನಮಗೆ ಸಿಕ್ಕಿದ್ದು ಅರೆಬರೆ. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ 5,000 ಮಿತಿ. ಅವತ್ತು ಖಾಲಿ ಇದ್ದದ್ದು 8,000ದ ಕೊಠಡಿ ಮಾತ್ರ. ದಿನಕ್ಕೆ 3,000 ಕೈಯಿಂದ ಹೋದರೆ ಹೋಗಲಿ ಎಂದು ಬಿಡುವ ಹಾಗಿರಲಿಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರಿನ ಶುಲ್ಕ, ಎಲ್ಲದಕ್ಕೂ ಎಂಟರಲ್ಲಿ ಐದು ಪಾಲು ಮಾತ್ರ ಕೊಡುವ ಅದೇ ಕತ್ತರಿ ಬಿತ್ತು. ಕೈಗವಸು, ಸಿರಿಂಜುಗಳ ಪಟ್ಟಿ ಪೂರ್ತಿ ನಮ್ಮದೇ. ಒಂದೂವರೆ ಲಕ್ಷಕ್ಕಿಂತ ತುಸು ಹೆಚ್ಚಿನ ಬಿಲ್ಲಿನಲ್ಲಿ 50 ಸಾವಿರದ ಹತ್ತಿರ ಜೇಬಿನಿಂದ ಹೋಯಿತು. ಅಂದಿನಿಂದ ನನ್ನ ಪುಸ್ತಕದಲ್ಲಿ ಪ್ರೀಮಿಯಂ ಪಕ್ಕಕ್ಕೆ ಇನ್ನೆರಡು ಕಲಂ ಎಳೆದಿದ್ದೇನೆ: ದಾಖಲಾದರೆ ಕೈಯಿಂದ ಹೋಗುವ ಹಣ, ಓಡಾಟದಲ್ಲಿ ಕಳೆದುಹೋಗುವ ದಿನಗೂಲಿ. ಮೂರನ್ನೂ ಕೂಡಿಸಿದ ಮೇಲೆಯೇ ಯಾವುದು ಅಗ್ಗ ಎನ್ನಬೇಕು.

ಹಾಗೆ ಕೂಡಿಸಿದಾಗ ಕಣ್ಣಿಗೆ ಬಿದ್ದದ್ದು ತಮ್ಮನ ಇ.ಎಸ್.ಐ. ಅವನು ಸಿ.ಎನ್.ಸಿ. ಯಂತ್ರದ ಆಪರೇಟರ್, ಆಗ ಸಂಬಳ 20,000. ಅವನ ಪಾಲಿನ ವಂತಿಗೆ ಶೇಕಡ 0.75, ಅಂದರೆ ತಿಂಗಳಿಗೆ 150. ಮಾಲೀಕರದು ಶೇಕಡ 3.25, ಅಂದರೆ 650. ಮನೆಯಿಂದ ಹೋಗುವುದು ವರ್ಷಕ್ಕೆ 1,800 ಮಾತ್ರ, ಹಿರಿಯರ ವಯಸ್ಸು ನೋಡಿ ಅದು ಏರುವುದೂ ಇಲ್ಲ. ತಂದೆತಾಯಿಯ ಎಲ್ಲ ಮೂಲದ ಆದಾಯ ತಿಂಗಳಿಗೆ 9,000 ಮೀರದಿದ್ದರೆ ಅವರು ಅವಲಂಬಿತರು. ಅಪ್ಪನ ಪಿಂಚಣಿ ಎರಡು ಸಾವಿರವೂ ಇಲ್ಲ. ದಿನವೂ ಹತ್ತಾರು ಮಂದಿಯ ಹೆಸರು ತುಂಬಿಸುವ ಕೈ ನನ್ನದು. ಆದರೂ ಅಪ್ಪನ ಹೆಸರು ಸೇರಿಸುವಷ್ಟರಲ್ಲಿ ಬೆವರಿಳಿಯಿತು. ಆಧಾರಿನಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ತಮ್ಮನ ದಾಖಲೆಯಲ್ಲಿ ಮೊದಲಿಗೆ. ಆಧಾರನ್ನೇ ತಿದ್ದಿಸಿದ ಮೇಲೆ ದಾರಿಗೆ ಬಂತು.

ಅಡ್ಡಿ ಇದ್ದದ್ದು ಇ.ಎಸ್.ಐ.ಗೆ ಸೇರಲು ಇದ್ದ 21,000ದ ತಿಂಗಳ ವೇತನ ಮಿತಿಯಲ್ಲಿ. ಓವರ್‌ಟೈಮ್ ಹಣದಿಂದಲೂ ವಂತಿಗೆ ಕಡಿತವಾಗುತ್ತದೆ, ಆದರೆ ಮಿತಿ ದಾಟಿತೇ ಎಂದು ನೋಡುವಾಗ ಅದನ್ನು ಸೇರಿಸುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ, ಅಲ್ಲಿಗೆ ತೊಂದರೆಯಿರಲಿಲ್ಲ. ಆದರೆ 2025ರ ಮಾರ್ಚಿನಲ್ಲಿ ಮಾಲೀಕರು ಸಂಬಳವನ್ನು 22,500ಕ್ಕೆ ಏರಿಸುವುದಾಗಿ ಹೇಳಿದರು. ತಮ್ಮ ಕುಣಿಯುತ್ತಾ ಬಂದ.

"ಏಪ್ರಿಲ್‌ನಿಂದ ಬೇಡ, ಮೇ ತಿಂಗಳಿಂದ ಕೊಡಿ ಅನ್ನು" ಎಂದೆ.

"ಬರುವ ದುಡ್ಡನ್ನೂ ಬೇಡ ಎನ್ನಬೇಕೇನಣ್ಣ?" ಎಂದು ಮುಖ ಊದಿಸಿಕೊಂಡ.

ಲೆಕ್ಕ ಇಷ್ಟೇ. ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್. ಅದು ಶುರುವಾದ ಮೇಲೆ ಸಂಬಳ ಮಿತಿ ದಾಟಿದರೆ ಸೆಪ್ಟೆಂಬರ್ ಮುಗಿಯುವವರೆಗೂ ವಂತಿಗೆ ನಡೆಯುತ್ತದೆ, ಅದಕ್ಕೆ ಹೊಂದಿದ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್. ಒಂದು ತಿಂಗಳ 2,500 ಬಿಟ್ಟುಕೊಟ್ಟದ್ದಕ್ಕೆ ಇನ್ನೂ ಆರು ತಿಂಗಳ ರಕ್ಷಣೆ ಸಿಕ್ಕಿತು. ಮಾಲೀಕರನ್ನು ಒಪ್ಪಿಸಿದ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನದ ವಿದ್ಯೆ.

ಆಗಸ್ಟ್‌ನಲ್ಲಿ ಅಪ್ಪನಿಗೆ ಎದೆ ಹಿಡಿದಂತಾಗತೊಡಗಿತು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ಪಡೆದು, ಒಪ್ಪಂದವಿರುವ ಖಾಸಗಿ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿದೆವು. ಹೊರಗೆ ಎರಡೂವರೆ ಲಕ್ಷ ಹೇಳಿದ್ದರು. ನಮಗೆ ತಗುಲಿದ್ದು ಆಟೊ, ಕಾಫಿ ತಿಂಡಿ, ತಮ್ಮ ಕಳೆದುಕೊಂಡ ಪಾಳಿಗಳು. ಎಲ್ಲ ಸೇರಿ ಏಳೆಂಟು ಸಾವಿರ.

ನಡುವೆ ಬೇರೆಯವರ ಮೇಲೂ ಪ್ರಯೋಗ ಮಾಡಿದೆ. ಮಾಗಡಿಯ ಚಿಕ್ಕಮ್ಮ ಹಾಲಿನ ಸಂಘದ ಸದಸ್ಯೆ. ಅವರಿಗೆ ಸಹಕಾರ ಸಂಘಗಳ ಸದಸ್ಯರಿಗೆಂದು ರಾಜ್ಯ ಸರ್ಕಾರ ನಡೆಸುವ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದೆ. ಗ್ರಾಮೀಣ ಸಹಕಾರ ಸಂಘದವರಿಗೆ ನಾಲ್ವರ ಕುಟುಂಬಕ್ಕೆ 500, ನಗರದವರಿಗೆ 1,000, ವರ್ಷಕ್ಕೆ 5 ಲಕ್ಷದವರೆಗೆ. ಸೋದರಮಾವನದು ಎ.ಪಿ.ಎಲ್. ಕಾರ್ಡು. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎ.ಪಿ.ಎಲ್.ನವರಿಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡ 30 ಮಾತ್ರ, ಅದೂ ಒಂದೂವರೆ ಲಕ್ಷದ ಒಳಗೆ. ಎಲ್ಲವೂ ಉಚಿತ ಎಂದುಕೊಂಡಿದ್ದ ಮಾವನಿಗೆ ಉಳಿದ ಶೇಕಡ 70ರ ಲೆಕ್ಕವನ್ನು ಮೊದಲೇ ತೋರಿಸಿದೆ. ಒಂದು ವಾರ ನನ್ನೊಡನೆ ಮಾತು ಬಿಟ್ಟರು, ಆಮೇಲೆ ಹಣ ಹೊಂದಿಸಿಕೊಂಡರು.

ನನ್ನ ಫ್ಲೋಟರಿನಲ್ಲಿ ಈಗ ನಾವು ಮೂವರೇ. ಕೊಠಡಿ ಮಿತಿಯಿಲ್ಲದ 5 ಲಕ್ಷದ ಪಾಲಿಸಿ, ಅದರ ಮೇಲೆ 5 ಲಕ್ಷ ಡಿಡಕ್ಟಿಬಲ್ ಇರುವ ಸೂಪರ್ ಟಾಪ್ ಅಪ್, ಅಂದರೆ ವರ್ಷದ ಬಿಲ್ಲುಗಳು ಒಟ್ಟು 5 ಲಕ್ಷ ದಾಟಿದ ಮೇಲಿನದನ್ನು ಕೊಡುವ ಪಾಲಿಸಿ. ಎರಡೂ ಸೇರಿ 20 ಸಾವಿರದ ಒಳಗೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿ.ಎಸ್.ಟಿ. ಇಲ್ಲವಾದ್ದರಿಂದ ಈ ಸಲ ಇನ್ನಷ್ಟು ಹಗುರವಾಯಿತು. ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ನಾನು ಹೊಸದಕ್ಕೆ ಹೋದವನು, ಹಾಗಾಗಿ ಆ ಕಲಂ ಖಾಲಿ.

2026ರ ಜೂನ್ ಮುಗಿದರೆ ಅಪ್ಪ ಅಮ್ಮನ ಇ.ಎಸ್.ಐ. ಮುಗಿಯುತ್ತದೆ. ಅಮ್ಮನನ್ನು ನಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘಕ್ಕೆ ಆಗಲೇ ಸದಸ್ಯೆ ಮಾಡಿಸಿದ್ದೇನೆ, ಷೇರು ಹಣದ ರಸೀದಿ ಅವರ ಬೀರುವಿನಲ್ಲಿದೆ. ಯಶಸ್ವಿನಿಯ ನೋಂದಣಿ ವರ್ಷದುದ್ದಕ್ಕೂ ತೆರೆದಿರುವುದಿಲ್ಲ, ಬೇರೆ ವಿಮೆ ಇದ್ದವರನ್ನು ಸೇರಿಸಿಕೊಳ್ಳುವುದೂ ಇಲ್ಲ. ಜೂನ್‌ಗೂ ಹೊಸ ನೋಂದಣಿಗೂ ನಡುವೆ ಬರುವ ತಿಂಗಳುಗಳಿಗೆಂದು, ಉಳಿದ ಪ್ರೀಮಿಯಂ ಹಣದಲ್ಲಿ ಒಂದು ಲಕ್ಷವನ್ನು ಅಮ್ಮನ ಹೆಸರಿನಲ್ಲಿ ಠೇವಣಿ ಇಟ್ಟಿದ್ದೇನೆ.