ತಗ್ಗಿನಲ್ಲಿ ಕೂರದ ಟೋನರ್: ನನ್ನ ಅನುಭವ

ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದು ಡಿಜಿಟಲ್ ಪ್ರೆಸ್ಸಿನಿಂದ ಫೋನ್ ಬಂತು. ಮದುವೆ ಕಾರ್ಡಿನ ಕೆಲಸ. ತರಿತರಿಯಾದ ಟೆಕ್ಸ್ಚರ್ ಬೋರ್ಡು, ಮೇಲೆ ಗಾಢ ಕುಂಕುಮ ಬಣ್ಣ, ಬಣ್ಣದ ತುಂಬಾ ಬಿಳಿ ಚುಕ್ಕೆ. ನಯವಾದ ಪೇಪರಿಗೆ ಅದೇ ಮಷೀನು ಚೆನ್ನಾಗಿಯೇ ಹೊಡೆಯುತ್ತಿತ್ತು. “ಏನ್ ಸಾರ್, ಬೋರ್ಡೇ ಸರಿ ಇಲ್ವಾ?” ಅಂತ ಓನರ್ ಕೇಳಿದರು.

ಲೆನ್ಸ್ ಇಟ್ಟು ನೋಡಿದೆ. ಉಬ್ಬಿನ ಮೇಲೆ ಬಣ್ಣ ತುಂಬಿ ಕೂತಿತ್ತು. ಬಿಳಿ ಇದ್ದದ್ದು ತಗ್ಗುಗಳಲ್ಲಿ ಮಾತ್ರ.

ಈ ಮಷೀನಿನಲ್ಲಿ ಟೋನರನ್ನು, ಅಂದರೆ ಬಣ್ಣದ ಪುಡಿಯನ್ನು, ಒಂದು ಬೆಲ್ಟ್ ಹೊತ್ತು ತರುತ್ತದೆ; ಅದನ್ನು ಪೇಪರಿಗೆ ಎಳೆಯುವುದು ಟ್ರಾನ್ಸ್‌ಫರ್ ಕರೆಂಟ್. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಆ ಕರೆಂಟ್ ಏರಿಸಿದೆ. ಸ್ವಲ್ಪ ಸುಧಾರಿಸಿತು. ಇನ್ನೂ ಏರಿಸಿದ್ದಕ್ಕೆ ಬೇರೆ ಥರದ ಚುಕ್ಕೆ ಶುರುವಾಯಿತು, ಯಾಕೆಂದರೆ ಬೆಲ್ಟಿಗೂ ಪೇಪರಿಗೂ ನಡುವಿನ ಗಾಳಿಯಲ್ಲೇ ಕಿಡಿ ಹಾರಿ ಟೋನರಿನ ಚಾರ್ಜು ಕೆಡುತ್ತದೆ. ವಾಪಸ್ ಇಳಿಸಿದೆ.

ಆಮೇಲೆ ಪ್ರಿಂಟ್ ಓಡುವಾಗಲೇ ಮಷೀನ್ ನಿಲ್ಲಿಸಿ ಬೆಲ್ಟ್ ನೋಡಿದೆ. ಪೇಪರ್ ದಾಟಿ ಹೋದ ಜಾಗದಲ್ಲಿ ಅದೇ ಚುಕ್ಕೆಗಳ ಆಕಾರದಲ್ಲಿ ಟೋನರ್ ಉಳಿದಿತ್ತು! ಟೋನರ್ ಕಣ 5ರಿಂದ 10 ಮೈಕ್ರಾನ್ ಅಷ್ಟೆ, ಅಷ್ಟು ಸಣ್ಣದು ಬೆಲ್ಟಿಗೆ ಅಂಟಿದರೆ ಸುಲಭವಾಗಿ ಬಿಡುವುದಿಲ್ಲ. ತಗ್ಗಿರುವ ಕಡೆ ಪೇಪರ್ ತಾಗುವುದೂ ಇಲ್ಲ.

ಅದಕ್ಕೇ ಈ ಮಷೀನಿನಲ್ಲಿ ಬೆಲ್ಟಿನ ಹಿಂದೆ ಹಾರ್ನ್ ಅನ್ನುವ ಒಂದು ಲೋಹದ ಪಟ್ಟಿ ಇದೆ. ಕರೆಂಟ್ ಕೊಟ್ಟರೆ ನಡುಗುವ ಪೀಜೋ ತುಂಡುಗಳು ಅದನ್ನು ಸೆಕೆಂಡಿಗೆ ಸುಮಾರು 60 ಸಾವಿರ ಸಲ ನಡುಗಿಸುತ್ತವೆ, ಕಿವಿಗೆ ಕೇಳಿಸಲ್ಲ. ಒಂದರಿಗೆ ಹಿಟ್ಟು ಮೆತ್ತಿಕೊಂಡಾಗ ಅಂಚಿಗೆ ತಟ್ಟುತ್ತೇವಲ್ವಾ, ಹಾಗೇ. ನಡುಕ ಹಿಡಿತವನ್ನು ಸಡಿಲ ಮಾಡುತ್ತದೆ, ಪೇಪರಿನ ಕಡೆ ಎಳೆಯುವ ಕೆಲಸ ಟ್ರಾನ್ಸ್‌ಫರ್ ಕರೆಂಟ್ ಕೊಡುವ ಭಾಗವಾದ ಕೊರೋನಾದ್ದೇ. ಎರಡೂ ಒಂದೇ ಜಾಗದಲ್ಲಿ ಆಗಬೇಕು.

ಹಾರ್ನಿಗೆ ಪವರ್ ಸರಿಯಾಗಿ ಬರುತ್ತಿತ್ತು. ಬೆಲ್ಟನ್ನು ಅದರ ತುದಿಗೆ ಎಳೆದು ಹಿಡಿಯುವ ವ್ಯಾಕ್ಯೂಮ್ ಪೈಪ್ ಬಿಚ್ಚಿದೆ ನೋಡಿ, ಒಳಗೆ ಪೇಪರ್ ಧೂಳೂ ಟೋನರೂ ಸೇರಿ ಕಪ್ಪು ಹತ್ತಿಯ ಹಾಗೆ ಬಿರಡೆ ಹಾಕಿಕೊಂಡಿತ್ತು. ಹಾರ್ನ್ ಸುಮ್ನೆ ಗಾಳಿಯಲ್ಲಿ ನಡುಗುತ್ತಿತ್ತು, ಬೆಲ್ಟಿಗೆ ಮುಟ್ಟುತ್ತಲೇ ಇರಲಿಲ್ಲ. ಪೈಪ್ ಕ್ಲೀನ್ ಮಾಡಿ, ಹಾರ್ನಿನ ತುದಿಯನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಹಳೇ ಕರೆಂಟಿನಲ್ಲೇ ಹೊಡೆದೆ. ತಗ್ಗುಗಳೂ ತುಂಬಿದವು.

ಒಂದು ಶೀಟು ಹಾರ್ನ್ ಆಫ್ ಮಾಡಿ, ಒಂದು ಆನ್ ಮಾಡಿ ಹೊಡೆದು ಪಕ್ಕಪಕ್ಕ ಇಟ್ಟೆ. ಓನರ್ ಎರಡರ ಮೇಲೂ ಬೆರಳಾಡಿಸಿ, ಆ ಎರಡು ಶೀಟನ್ನೂ ಮಷೀನಿನ ಪಕ್ಕದ ಗೋಡೆಗೆ ಅಂಟಿಸಿಕೊಂಡರು. ನಾನಂತೂ ಈಗ ಟೆಕ್ಸ್ಚರ್ ಬೋರ್ಡಿನ ಕಂಪ್ಲೇಂಟ್ ಬಂದರೆ ಮೊದಲು ಬಿಚ್ಚುವುದು ಆ ಪೈಪನ್ನೇ.