ಏಳು ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಲಗ್ನಪತ್ರಿಕೆ

ಶಿಡ್ಲಘಟ್ಟದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಜೆರಾಕ್ಸ್, ಅರ್ಜಿ, ಬ್ಯಾನರ್ ಎಲ್ಲಾ ಇದೆ. ಆದರೆ ಅನ್ನ ಹಾಕುವುದು ಲಗ್ನಪತ್ರಿಕೆ. ಅದರಲ್ಲಿ ಕಷ್ಟ ಡಿಸೈನ್ ಅಲ್ಲ, ಹೆಸರುಗಳು. ರೇಷ್ಮೆ ಗೂಡು ಮಾರುಕಟ್ಟೆಗೆ ಬಂದವರು ಹಾಗೇ ಅಂಗಡಿಗೆ ಬಂದು ಒಂದು ಚೀಟಿ ಕೊಡುತ್ತಾರೆ. ಪ್ರೂಫ್ ಮಡಚಿ ಜೇಬಿಗೆ ಹಾಕಿಕೊಂಡು ಊರಿಗೆ ಹೋಗುತ್ತಾರೆ. ಮಾರನೇ ದಿನ ಮತ್ತೆ ಹಾಜರ್. "ಅಣ್ಣಾ, ದೊಡ್ಡಪ್ಪನ ಹೆಸರು ಕೆಳಗೆ ಹೋಗ್ಬಿಟ್ಟಿದೆ, ಮನೇಲಿ ರಂಪ ಆಯ್ತು." ಹೀಗೆ ಮೂರು ಸಲ, ನಾಲ್ಕು ಸಲ.

ಕಂಪ್ಯೂಟರನ್ನೇ ಅವರ ಮನೆಗೆ ತೆಗೆದುಕೊಂಡು ಹೋದರೆ ಹೇಗೆ ಅನ್ನಿಸಿತು. ಎಲ್ಲರೂ ಕೂತಿರುವಾಗಲೇ ಟೈಪ್ ಮಾಡಿ, ತೋರಿಸಿ, ಒಪ್ಪಿಗೆ ತೆಗೆದುಕೊಂಡು ಬಂದುಬಿಡುವುದು. 2012ರಲ್ಲಿ ಒಳ್ಳೆ ಲ್ಯಾಪ್‌ಟಾಪ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಏಳು ಇಂಚಿನ ಪರದೆಯ ಒಂದು ಪುಟಾಣಿ ಸಿಕ್ಕಿತು. ಕಂಪನಿ ಹೆಸರಿಲ್ಲ, ಬೆಲೆ 4,200 ರೂಪಾಯಿ. "ಇದರಲ್ಲಿ ವಿಂಡೋಸ್ ಇದೆಯಾ?" ಅಂತ ಕೇಳಿದೆ. "ಇದೆ ಸಾರ್" ಅಂದ. ಆನ್ ಮಾಡಿ ತೋರಿಸಿದ. ಸ್ಟಾರ್ಟ್ ಬಟನ್ ಕಂಡಿತು, ನಾನು ದುಡ್ಡು ಎಣಿಸಿದೆ.

ಅವನು ಸುಳ್ಳು ಹೇಳಿರಲಿಲ್ಲ. ವಿಂಡೋಸ್ ಇತ್ತು, ಆದರೆ ವಿಂಡೋಸ್ ಸಿಇ. ಕೈಯಲ್ಲಿ ಹಿಡಿಯುವ ಚಿಕ್ಕ ಸಾಧನಗಳಿಗೆ ಅಂತ ಮಾಡಿದ್ದು ಅದು. ನೋಡೋಕೆ ನಮ್ಮ ಅಂಗಡಿಯ ವಿಂಡೋಸ್ ಎಕ್ಸ್‌ಪಿ ಥರಾನೇ ಇರುತ್ತದೆ, ಒಳಗೆ ಬೇರೆಯೇ. ಪೆನ್ ಡ್ರೈವ್‌ನಿಂದ ಕನ್ನಡ ಟೈಪ್ ಮಾಡುವ 'ನುಡಿ' ಪ್ರೋಗ್ರಾಂ ಹಾಕಲು ಹೋದರೆ ಇದು ಸರಿಯಾದ ಪ್ರೋಗ್ರಾಂ ಅಲ್ಲ ಅಂತ ಬಂತು. ಅಂಥದ್ದೇ ಇನ್ನೊಂದು, 'ಬರಹ', ಹಾಕಿದರೂ ಅದೇ ಹಾಡು. ಕಾರಣ ಆಮೇಲೆ ತಿಳಿಯಿತು. ನಮ್ಮ ಅಂಗಡಿಯ ಕಂಪ್ಯೂಟರುಗಳಲ್ಲಿರುವುದು ಎಕ್ಸ್86 ಜಾತಿಯ ಪ್ರೊಸೆಸರ್. ಇದರಲ್ಲಿದ್ದದ್ದು ಆರ್ಮ್ ಜಾತಿಯದು, 8505 ಅನ್ನುವ 300 ಮೆಗಾಹರ್ಟ್ಸ್ ಚಿಪ್. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದಕ್ಕೆ ಅರ್ಥವೇ ಆಗುವುದಿಲ್ಲ. ರ‍್ಯಾಮ್ 128 ಎಂಬಿ, ಒಳಗಿನ ಜಾಗ 2 ಜಿಬಿ. ನಾನು ಬೈದುಕೊಂಡಿದ್ದು ಈ ಅಂಕಿಗಳನ್ನಲ್ಲ. ಇಷ್ಟೆಲ್ಲಾ ಇದ್ದೂ ಕನ್ನಡದ ಒಂದು ಅಕ್ಷರ ಬರುವುದಿಲ್ಲವಲ್ಲ ಅಂತ.

ಆಗ ಒಂದು ಉಪಾಯ ಹೊಳೆಯಿತು. ನುಡಿಯ ಹಳೇ ಫಾಂಟ್‌ಗಳ ಗುಟ್ಟು ಡಿಟಿಪಿಯವರಿಗೆ ಗೊತ್ತು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುವ ಫಾಂಟ್‌ಗಳು. ತಲಕಟ್ಟು, ಕೊಂಬು, ಒತ್ತು ಎಲ್ಲಾ ಬಿಡಿಬಿಡಿ ಚಿತ್ರಗಳು. ಅಂದರೆ ಒತ್ತಕ್ಷರ ಜೋಡಿಸುವ ಬುದ್ಧಿ ಕಂಪ್ಯೂಟರಿಗೆ ಬೇಕಾಗಿಲ್ಲ. ಫಾಂಟ್ ಫೈಲ್ ಒಂದಿದ್ದರೆ ಸಾಕು. ಅಂಗಡಿಯಲ್ಲಿ ಟೈಪ್ ಮಾಡಿದ ಫೈಲ್ ಮತ್ತು ಫಾಂಟ್ ಎರಡನ್ನೂ ಪುಟಾಣಿಗೆ ಹಾಕಿ ವರ್ಡ್‌ಪ್ಯಾಡ್‌ನಲ್ಲಿ ತೆರೆದೆ. ಕನ್ನಡ ಮುತ್ತಿನಂತೆ ಬಂತು! ನುಡಿಯ ಕೀಲಿಮಣೆ ಇಲ್ಲದ್ದರಿಂದ ಟೈಪ್ ಮಾಡಲು ಆಗದು. ಇರಲಿ, ತೋರಿಸಿಯಾದರೂ ಬರಬಹುದಲ್ವಾ ಅಂದುಕೊಂಡೆ.

ಮಾರನೇ ದಿನ ಜಂಗಮಕೋಟೆ ಕಡೆಯ ಒಂದು ಮನೆಗೆ ಹೋದೆ. ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ. ಮೂಲೆಯಲ್ಲಿ ಒರಗಿಸಿದ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳು. ಆನ್ ಮಾಡಿದೆ. 'ಶ್ರೀ' ಇರಬೇಕಾದ ಕಡೆ ಮೇಲೇರಿ ಕೂತ ಪುಟ್ಟ ಎರಡರ ಅಂಕಿ, ಒಂದಕ್ಕೊಂದು ಅಂಟಿಕೊಂಡ ಎ ಮತ್ತು ಇ, ತಲೆ ಮೇಲೆ ಅಲೆ ಇರುವ ದೊಡ್ಡ ಎ. ಫಾಂಟ್ ಮಾಯ. ನನ್ನ ಯಂತ್ರದಲ್ಲಿ ಸಿಸ್ಟಮ್ ಫೋಲ್ಡರ್‌ಗೆ ಹಾಕಿದ್ದು ರ‍್ಯಾಮ್‌ನಲ್ಲಿ ಉಳಿಯುತ್ತಿತ್ತು, ಪೂರ್ತಿ ಆಫ್ ಮಾಡಿದರೆ ಅಳಿಸಿಹೋಗುತ್ತಿತ್ತು. ಮದುಮಗನ ತಾತ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಇದು ಯಾವ ಭಾಷೆಯಪ್ಪಾ? ನಮ್ಮೋರು ತೆಲುಗು ಮಾತಾಡ್ತಾರೆ, ಕನ್ನಡ ಮಾತಾಡ್ತಾರೆ. ಇದು ಎರಡೂ ಅಲ್ಲ." ಎಲ್ಲರೂ ನಕ್ಕರು. ಕಾಫಿ ಕುಡಿದು, ಹೆಸರುಗಳನ್ನು ಕಾಗದದಲ್ಲಿ ಬರೆದುಕೊಂಡು ಎದ್ದು ಬಂದೆ.

ಅವತ್ತು ಅದನ್ನು ಅಟ್ಟಕ್ಕೆ ಹಾಕಬೇಕಿತ್ತು. 4,200 ರೂಪಾಯಿಯ ಸಂಕಟ ಬಿಡಲಿಲ್ಲ. ಇಂಟರ್ನೆಟ್‌ನಲ್ಲಿ ಹುಡುಕುತ್ತಾ ಹೋದಾಗ ಈ ಚಿಪ್‌ನ ಒಂದು ಗುಣ ಗೊತ್ತಾಯಿತು. ಆನ್ ಆಗುವಾಗ ಅದು ಮೊದಲು ಎಸ್‌ಡಿ ಕಾರ್ಡ್ ನೋಡುತ್ತದೆ. ಅಲ್ಲಿ 'ಸ್ಕ್ರಿಪ್ಟ್' ಅನ್ನುವ ಫೋಲ್ಡರ್ ಇದ್ದು, ಒಳಗೆ ಸರಿಯಾದ ಆಜ್ಞೆಗಳ ಫೈಲ್ ಇದ್ದರೆ ಅದರಂತೆ ನಡೆಯುತ್ತದೆ. ಒಳಗಿನ ವಿಂಡೋಸ್ ಮುಟ್ಟದೆ ಕಾರ್ಡಿನಿಂದಲೇ ವಿಂಡೋಸ್ ಬದಲಿಗೆ ಬಳಸುವ ಡೆಬಿಯನ್ ಲಿನಕ್ಸ್ ಓಡಿಸಬಹುದು. ಕಾರ್ಡ್ ತೆಗೆದರೆ ಮತ್ತೆ ಹಳೇ ವಿಂಡೋಸ್. ಕೆಡುವ ಭಯ ಕಡಿಮೆ ಅಂತ ಧೈರ್ಯ ಬಂತು. 4 ಜಿಬಿ ಕಾರ್ಡನ್ನು ಎರಡು ಭಾಗ ಮಾಡಿದೆ. ಚಿಕ್ಕದರಲ್ಲಿ ಬೂಟ್ ಫೈಲುಗಳು, ದೊಡ್ಡದರಲ್ಲಿ ಡೆಬಿಯನ್. ಆರ್ಮ್‌ಗೆ ಡೆಬಿಯನ್‌ನಲ್ಲಿ ಒಂದಕ್ಕಿಂತ ಜಾಸ್ತಿ ಬಗೆಗಳಿವೆ. ಈ ಹಳೇ ಚಿಪ್‌ಗೆ ಆಗುತ್ತಿದ್ದದ್ದು 'ಆರ್ಮೆಲ್' ಮಾತ್ರ. ಅದು ತಿಳಿಯದೆ ಒಂದು ಭಾನುವಾರ ಪೂರ್ತಿ ಕಪ್ಪು ಪರದೆ ನೋಡುತ್ತಾ ಕೂತಿದ್ದೆ.

ಕೊನೆಗೆ ಬಂತು. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಪದ್ಧತಿಗೆ ಯೂನಿಕೋಡ್ ಅನ್ನುತ್ತಾರೆ. ಕೇದಗೆ, ಮಲ್ಲಿಗೆ ಅನ್ನುವ ಯೂನಿಕೋಡ್ ಫಾಂಟ್‌ಗಳು ಆಗ ಡೆಬಿಯನ್‌ನಲ್ಲೇ ಸಿಗುತ್ತಿದ್ದವು. ಕನ್ನಡ ಕೀಲಿಮಣೆಗೆ ಐಬಸ್ ಅನ್ನುವ ಪ್ರೋಗ್ರಾಂ, ಅದರಲ್ಲಿ ನುಡಿಯದೇ ಆದ ಕೆಜಿಪಿ ವಿನ್ಯಾಸ. ಬೆರಳಿಗೆ ಹೊಸದು ಕಲಿಸಬೇಕಾಗಲಿಲ್ಲ. ಲಿಬ್ರೆಆಫೀಸ್ ಅನ್ನು 128 ಎಂಬಿಯಲ್ಲಿ ತೆರೆಯುವ ಆಸೆ ಇಟ್ಟುಕೊಳ್ಳಬಾರದು. ಬ್ರೌಸರ್ ಕತೆಯೂ ಅಷ್ಟೇ. ಲೀಫ್‌ಪ್ಯಾಡ್ ಅನ್ನುವ ಬರೀ ಪಠ್ಯದ ಎಡಿಟರ್ ಹಾಕಿದೆ, ಹಿಂದೆ ಐಸ್‌ಡಬ್ಲ್ಯುಎಂ ಅನ್ನುವ ಹಗುರವಾದ ಡೆಸ್ಕ್‌ಟಾಪ್. ಅಷ್ಟೇ ಸಾಮಾನು.

ಈಗ ಟೈಪ್ ಮಾಡಿದ ಕತೆ. ಪರದೆ 800 ಚುಕ್ಕೆ (ಪಿಕ್ಸೆಲ್) ಅಡ್ಡ, 480 ಉದ್ದ. ಇಂಗ್ಲಿಷ್‌ಗೆ ಪರವಾಗಿಲ್ಲ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. 'ಲಕ್ಷ್ಮೀ' ಅಂತ ಬರೆದರೆ ಸಾಲು ಎಷ್ಟು ಎತ್ತರ ಕೇಳುತ್ತದೆ ನೋಡಿ. ವಯಸ್ಸಾದವರಿಗೆ ಕಾಣುವಷ್ಟು ದೊಡ್ಡ ಅಕ್ಷರ ಇಟ್ಟರೆ ಒಂದು ಸಲಕ್ಕೆ ಎಂಟು ಹತ್ತು ಸಾಲು ಮಾತ್ರ. ಸುಖಾಗಮನ ಬಯಸುವವರ ಪಟ್ಟಿಯೇ ಅದಕ್ಕಿಂತ ಉದ್ದ. ಕೆಳಗೆ ಸರಿಸಿದಾಗ ಮೇಲಿನ ಹೆಸರು ಕಾಣೆಯಾಗುತ್ತಿತ್ತು. ಒಬ್ಬ ಅಜ್ಜಿ "ಅಯ್ಯೋ, ನಮ್ಮ ಯಜಮಾನ್ರ ಹೆಸರು ತೆಗೆದುಬಿಟ್ಯಾ?" ಅಂತ ಗಾಬರಿಯಾಗಿದ್ದರು.

ಕೀಲಿಗಳಂತೂ ಮಕ್ಕಳ ಬೆರಳಿಗೆ ಮಾಡಿದಂತಿದ್ದವು. ಕೆಜಿಪಿಯಲ್ಲಿ ಮಹಾಪ್ರಾಣಕ್ಕೆ ಶಿಫ್ಟ್ ಬೇಕು, ಒತ್ತಿಗೆ ಎಫ್ ಬೇಕು. ಈ ಯಂತ್ರದ ಬಲಗಡೆ ಶಿಫ್ಟ್ ಕಡಲೆಬೀಜದಷ್ಟಿತ್ತು. ಎರಡು ಬೆರಳಲ್ಲಿ ಹುಡುಕಿ ಹೊಡೆಯುವುದೇ ವಾಸಿ ಅನ್ನಿಸಿತು. ಹೇಗೂ ಕಂಪ್ಯೂಟರ್ ನನಗಿಂತ ನಿಧಾನ. ಒತ್ತಕ್ಷರ ಜೋಡಿಸುವ ಕೆಲಸ ಈಗ ಪ್ರೊಸೆಸರ್ ಮೇಲೆ ಬಿದ್ದಿತ್ತು. ನಾನು 'ವೆಂಕಟೇಶ್ವರ' ಮುಗಿಸಿ ಕೈ ಕಟ್ಟಿ ಕೂತ ಮೇಲೆ ಪರದೆಯ ಮೇಲೆ 'ವೆಂಕ' ಬರುತ್ತಿತ್ತು. ಅದರಿಂದ ಒಂದು ಲಾಭವಾಯಿತು. ಒಂದೊಂದು ಅಕ್ಷರವೂ ಮೂಡುವುದನ್ನು ಮನೆಯವರೆಲ್ಲ ಬಗ್ಗಿ ನೋಡುತ್ತಿದ್ದರು, ತಪ್ಪು ಅಲ್ಲೇ ಸಿಗುತ್ತಿತ್ತು.

ಅಂಗಡಿಗೆ ಬಂದ ಮೇಲೆ ಇನ್ನೊಂದು ಹೆಜ್ಜೆ. ನಾನು ಕಾರ್ಡ್ ಮಾಡುವುದು ಪುಟ ಜೋಡಿಸುವ ಹಳೇ ಪ್ರೋಗ್ರಾಂ ಪೇಜ್‌ಮೇಕರ್‌ನಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಕನ್ವರ್ಟರ್‌ನಿಂದ ನುಡಿಗೆ ಬದಲಾಯಿಸಿ ಅಂಟಿಸಬೇಕು. ಆಗ ಅರ್ಕಾವೊತ್ತು ಇರುವ ಹೆಸರುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಸೂರ್ಯನಾರಾಯಣ ಅನ್ನುವ ಮಾವ ಇದ್ದರೆ ಎರಡು ಸಲ.

ಇಷ್ಟಾದರೂ ಮೂರು ನಾಲ್ಕು ಪ್ರೂಫ್ ಇದ್ದದ್ದು ಒಂದಕ್ಕೆ ಇಳಿಯಿತು. ಕರೆಂಟ್ ಹೋದರೂ ಒಂದೂವರೆ ಗಂಟೆ ಬ್ಯಾಟರಿ ಬರುತ್ತಿತ್ತು. ಫ್ಯಾನ್ ಇಲ್ಲ, ಸದ್ದಿಲ್ಲ, ಸ್ಕೂಟರ್ ಡಿಕ್ಕಿಯಲ್ಲಿ ಹಿಡಿಯುತ್ತಿತ್ತು. ಎರಡು ಮದುವೆ ಸೀಸನ್ ನಡೆಸಿದೆ. ಆಮೇಲೆ ಪರದೆಯ ಕೀಲು ಸಡಿಲವಾಗಿ, ಮುಚ್ಚಿ ತೆರೆದಾಗೆಲ್ಲ ಪರದೆ ಬೆಳ್ಳಗಾಗತೊಡಗಿತು.

ಅದರ ಬದಲಿಗೆ ಒಂದು ಸೆಕೆಂಡ್ ಹ್ಯಾಂಡ್ ನೆಟ್‌ಬುಕ್ ನೋಡಲು ಹೋದೆ. ಹತ್ತು ಇಂಚು, ಇಂಟೆಲ್ ಆಟಮ್ ಎನ್270, 1 ಜಿಬಿ ರ‍್ಯಾಮ್, ಎಕ್ಸ್‌ಪಿ. ಇದೂ ನಿಧಾನದ್ದೇ, ಪರದೆ ಎತ್ತರ ಬರೀ 600. ಆದರೆ ಎಕ್ಸ್86 ಜಾತಿ. ಅಂಗಡಿಯವನು ವೈಫೈ, ಕ್ಯಾಮೆರಾ ಅಂತ ಹೇಳುತ್ತಲೇ ಇದ್ದ. ನಾನು ಜೇಬಿನಿಂದ ಪೆನ್ ಡ್ರೈವ್ ತೆಗೆದು, ಅಲ್ಲೇ ನುಡಿ ಹಾಕಿ, 'ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ' ಅಂತ ಹೊಡೆದೆ. ಆಫ್ ಮಾಡಿದೆ, ಮತ್ತೆ ಆನ್ ಮಾಡಿದೆ. ಅಕ್ಷರ ಹಾಗೇ ಇತ್ತು. ಕೆಳಗೆ ಸುಖಾಗಮನ ಬಯಸುವವರು ಅಂತ ನಾಲ್ಕು ಹೆಸರು ಸೇರಿಸಿದೆ.

ಅಂಗಡಿಯವನು ಇಣುಕಿ ನೋಡಿದ. "ಮನೇಲಿ ಮದುವೇನಾ ಸಾರ್?" ಅಂದ.